ಹೆಣದ ಗಾಡಿಯಲ್ಲಿ ಮತಗಟ್ಟೆಗೆ

ಲುವೀನಿಯಾ ಬ್ರಾಸ್‌ವೆಲ್ ಮತದ ವಯಸ್ಸು ಬಂದಂದಿನಿಂದ ಒಂದೇ ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ. ಅಧ್ಯಕ್ಷರ ಚುನಾವಣೆ ಹಾಗಿರಲಿ, ಶಾಲಾ ಮಂಡಳಿಗೆ ಒಬ್ಬನೇ ಅಭ್ಯರ್ಥಿ ನಿಂತು ಅವನು ಗೆಲ್ಲುವುದು ಗ್ಯಾರಂಟಿ ಎಂದಿದ್ದಾಗಲೂ ಹ್ಯಾಟು ಹಾಕಿಕೊಂಡು ಹೋಗಿ ಬರುತ್ತಿದ್ದಳು. ಹೋಗುವುದೇನು ದೊಡ್ಡ ಮಾತಾಗಿರಲಿಲ್ಲ. ಮೌಂಟ್ ಆಲಿವ್ ಚರ್ಚಿನ ಊಟದ ಹಾಲಿನಲ್ಲೇ ಮತಗಟ್ಟೆ. ಮನೆಯ ಮೆಟ್ಟಿಲಿಳಿದು ಪೆಕಾನ್ ಮರಗಳ ಕೆಳಗೆ ನಾಲ್ಕು ಹೆಜ್ಜೆ ಹಾಕಿದರೆ ಆಯಿತು.

ಆ ಬೇಸಿಗೆಯಲ್ಲಿ ಕೌಂಟಿಯವರು, ಅಂದರೆ ಜಿಲ್ಲಾಡಳಿತದವರು, ಅದನ್ನು ಮುಚ್ಚಿದರು. ಖರ್ಚು ಜಾಸ್ತಿ, ಗಾಲಿಕುರ್ಚಿ ಹತ್ತಿಸುವುದಕ್ಕೆ ಇಳಿಜಾರಿಲ್ಲ ಎಂದರು. ಚರ್ಚಿನ ಗಂಡಸರು ಎರಡು ಶನಿವಾರ ಕೂತು ಹಲಗೆ ಹೊಡೆದು ಇಳಿಜಾರು ಕಟ್ಟಿಕೊಟ್ಟರು. ಕೌಂಟಿಯಿಂದ ಬಂದು ನೋಡುವವರೇ ಇರಲಿಲ್ಲ. ನದಿಯ ಈಚೆ ದಡದ, ಕರಿಯರೇ ತುಂಬಿದ ಮೂರು ಊರುಗಳಿಗೆಲ್ಲ ಸೇರಿ ಒಂದೇ ಮತಗಟ್ಟೆ ಎಂದಾಯಿತು. ಅದೂ ಸೇತುವೆ ದಾಟಿ, ಕೌಂಟಿ ಪಟ್ಟಣದ ಆಚೆ ತುದಿಯಲ್ಲಿರುವ ದನದ ಪ್ರದರ್ಶನದ ಶೆಡ್ಡಿನಲ್ಲಿ. ಅಮೆರಿಕದ ಜಾರ್ಜಿಯಾ ರಾಜ್ಯದ ದಕ್ಷಿಣದ ಆ ಮೂಲೆಗೆ ಬಸ್ಸೆಂಬುದು ಹಿಂದೆಯೂ ಬಂದದ್ದಿಲ್ಲ, ಮುಂದೆಯೂ ಬರುವಂತಿಲ್ಲ.

ಚುನಾವಣೆಯ ಮಂಗಳವಾರ ಬೆಳಿಗ್ಗೆ ಲುವೀನಿಯಾ ನೇರಳೆ ಬಣ್ಣದ ಕೋಟು ತೊಟ್ಟು ವರಾಂಡದಲ್ಲಿ ಚರ್ಚಿನ ವ್ಯಾನಿಗೆ ಕಾದು ಕೂತಳು. ಸೊಂಟದ ಆಪರೇಷನ್ ಆಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಊರುಗೋಲು ಕೈಯಲ್ಲೇ ಇತ್ತು. ಅಟ್ಲಾಂಟಾದಲ್ಲಿದ್ದ ಮಗಳು ಫೋನಿನಲ್ಲಿ ಗೋಗರೆದಿದ್ದಳು. "ಅಮ್ಮಾ, ವೋಟು ಅಂಚೇಲಿ ಕಳ್ಸೋದಕ್ಕೆ ಬರತ್ತಲ್ಲಾ, ಯಾಕಿಷ್ಟು ಹಟ?" ಲುವೀನಿಯಾ, "ಮದುವೇನೂ ಅಂಚೇಲಿ ಮಾಡ್ಕೊಂಡಿದ್ಯೇನೇ ನೀನು?" ಎಂದು ಫೋನ್ ಇಟ್ಟಿದ್ದಳು.

ವ್ಯಾನು ಬರಲಿಲ್ಲ. ಮೊದಲ ಸಲ ಜನರನ್ನು ಬಿಟ್ಟು ಬರುವಾಗಲೇ ಸೇತುವೆಯ ಹತ್ತಿರ ಹೊಗೆಯುಗುಳಿ ನಿಂತುಬಿಟ್ಟಿತಂತೆ. ಊಟದ ಹೊತ್ತು ಕಳೆಯಿತು. ಕಾರಿದ್ದ ನೆರೆಹೊರೆಯವರೆಲ್ಲ ಕೋಳಿ ಕಾರ್ಖಾನೆಯ ಪಾಳಿಗೆ ಹೋಗಿದ್ದರು. ಲುವೀನಿಯಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಊರುಗೋಲು ಊರಿಕೊಂಡು ರಸ್ತೆಗೇ ಇಳಿದಳು. ಇಷ್ಟು ದೂರ ನಡೆಯಲಾರೆನೆಂದು ಅವಳಿಗೂ ಗೊತ್ತು. ಆದರೂ ಇಳಿದಳು.

ಹಿಂದಿನಿಂದ ಸದ್ದೇ ಇಲ್ಲದೆ ಕಪ್ಪಗೆ ಉದ್ದವಾದ ಗಾಡಿಯೊಂದು ಬಂದು ಪಕ್ಕದಲ್ಲಿ ನಿಂತಿತು. ಪಿಂಕ್ನಿಯವರ ಹೆಣದ ಗಾಡಿ. ಕಿಟಕಿ ಇಳಿಸಿ ಹೊಸಿಯಾ ಪಿಂಕ್ನಿ ತಲೆ ಹೊರಹಾಕಿದ. ಊರಿನ ಕರಿಯರ ಶವಸಂಸ್ಕಾರವೆಲ್ಲ ಮೂರು ತಲೆಮಾರಿನಿಂದ ಅವರ ಮನೆಯದೇ. ಲುವೀನಿಯಾ ಭಾನುವಾರದ ಪಾಠಶಾಲೆಯಲ್ಲಿ ಅವನ ಕಿವಿ ಹಿಂಡಿ ಪ್ರಾರ್ಥನೆ ಕಲಿಸಿದ್ದಳು. ಈಗ ಅವನಿಗೇ ಅರವತ್ತೆಂಟು.

"ಮಿಸ್ ಲುವೀನಿಯಾ, ಎಲ್ಲಿಗೆ ಸವಾರಿ? ಹತ್ತಿ, ಹತ್ತಿ."

"ನನಗಿನ್ನೂ ಟೈಮ್ ಆಗಿಲ್ಲ ಕಣೋ. ನಡೀ ಮುಂದೆ."

"ಮುಂದಿನ ಸೀಟಲ್ಲಿ ಕೂತ್ಕೊಳ್ಳಿ ಅಂದೆ, ಹಿಂದೆ ಮಲಕ್ಕೊಳ್ಳಿ ಅಂದ್ನೇ? ಎರಡು ದೊಡ್ಡ ಕಾರೂ ಪಾದ್ರಿಗೇ ಕೊಟ್ಟಿದೀನಿ. ಜನಾನ ಸಾಗಿಸ್ತಾ ಇದಾರೆ. ನನ್ ಹತ್ರ ಉಳಿದಿರೋದು ಇದೊಂದೇ."

"ಖಾಲಿ ತಾನೆ?"

"ಖಾಲಿ. ಈ ವಾರ ಊರಲ್ಲಿ ಯಾರಿಗೂ ಸಾಯೋಕೂ ಪುರುಸೊತ್ತಿಲ್ಲ."

ಲುವೀನಿಯಾ ಒಮ್ಮೆ ಸೇತುವೆಯ ದಿಕ್ಕಿಗೆ ನೋಡಿದಳು, ಒಮ್ಮೆ ಊರುಗೋಲು ನೋಡಿಕೊಂಡಳು. ದೇವರ ಹೆಸರು ಹೇಳಿ ಹತ್ತಿದಳು. ಒಳಗೆ ಲಿಲ್ಲಿ ಹೂವಿನ ವಾಸನೆ ಅಂಟಿಕೊಂಡಿತ್ತು. ಬೆನ್ನ ಹಿಂದಿನ ಪರದೆಯ ಕಡೆಗೆ ತಿರುಗಿ ನೋಡಲೇಬಾರದೆಂದು ಕುತ್ತಿಗೆ ಸೆಟೆಸಿ ಕೂತಳು.

"ನೀನೂ ವೋಟು ಹಾಕ್ತೀಯ ತಾನೆ?" ಎಂದು ಕೇಳಿದಳು.

"ನಾನಾ? ಹಾಕಿ ಎಷ್ಟೋ ವರ್ಷ ಆಯ್ತು. ಯಾರು ಬಂದ್ರೂ ನನ್ ಕೆಲಸ ಅದೇ. ಗುಂಡಿ ಆರಡೀನೇ. ಮೊಮ್ಮಗಳು ಬೆಳಿಗ್ಗೆ ಬಾಯಿಗೆ ಬಂದಂಗೆ ಬೈದ್ಲು ಅಂತ ಗಾಡಿ ತೆಗ್ದೆ, ಅಷ್ಟೇ."

ಲುವೀನಿಯಾಳಿಗೆ ತಾಯಿ ಮೊಜೆಲ್ ನೆನಪಾದಳು. ಜಮೀನ್ದಾರನ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಮೊಜೆಲ್ ಪಟ್ಟಣಕ್ಕೆ ಹೋಗಿ ಮತದಾರಳಾಗಿ ಹೆಸರು ಬರೆಸಿದಳು. ಕರಿಯಳು ಮತ ಕೇಳಿದಳೆಂಬ ಸಿಟ್ಟಿಗೆ ಜಮೀನ್ದಾರ ಅದೇ ವಾರ ಅವರ ಒಲೆ, ಮಂಚ, ಕೋಳಿಗೂಡು ಎಲ್ಲವನ್ನೂ ರಸ್ತೆಗೆ ಹಾಕಿಸಿದ. ಆ ಚಳಿಗಾಲವೆಲ್ಲ ಮೌಂಟ್ ಆಲಿವಿನ ಹಿಂದಿನ ಕೋಣೆಯೇ ಮನೆ. ತಾಯಿ ಒಂದು ದಿನವೂ ಹಲುಬಿದ್ದನ್ನು ಲುವೀನಿಯಾ ಕೇಳಲಿಲ್ಲ. ಊರಿನವರು ಸರದಿಯ ಮೇಲೆ ತಂದುಕೊಡುತ್ತಿದ್ದ ಜೋಳದ ರೊಟ್ಟಿಗೆ ಮಾತ್ರ ಪ್ರತಿ ಸಲವೂ ಎದ್ದು ನಿಂತು ಕೃತಜ್ಞತೆ ಹೇಳುತ್ತಿದ್ದಳು.

ಸೇತುವೆ ದಾಟಿದ ಮೇಲೆ ಒಂದು ವಿಚಿತ್ರ ನಡೆಯಿತು. ಎದುರಿಗೆ ಬರುತ್ತಿದ್ದ ಪಿಕಪ್ ಟ್ರಕ್ಕೊಂದು ರಸ್ತೆ ಬದಿಗೆ ಸರಿದು ನಿಂತಿತು. ಅದರೊಳಗಿದ್ದ ಬಿಳಿಯ ರೈತ ಟೋಪಿ ತೆಗೆದು ಎದೆಗಿಟ್ಟುಕೊಂಡ. ಅದರ ಹಿಂದಿನ ಕಾರೂ ನಿಂತಿತು. ಅದರ ಹಿಂದಿನದೂ. ಹೆಣದ ಗಾಡಿ ಬಂದರೆ ದಾರಿ ಬಿಟ್ಟು ನಿಲ್ಲುವುದು ಆ ಸೀಮೆಯ ಕಟ್ಟುಪಾಡು. ಬಿಳಿಯನಾಗಲಿ ಕರಿಯನಾಗಲಿ ಅದನ್ನು ಮೀರುವುದಿಲ್ಲ.

"ಅಯ್ಯೋ ದೇವ್ರೇ," ಎಂದಳು ಲುವೀನಿಯಾ. "ಬದುಕಿರೋವಾಗ ನನಗೆ ಯಾರೂ ಹಿಂಗೆ ದಾರಿ ಬಿಟ್ಟಿದ್ದೇ ಇಲ್ವಲ್ಲೋ!"

"ಕೈ ಬೀಸ್ಬೇಡಿ, ಮಿಸ್ ಲುವೀನಿಯಾ. ಎದೆ ಒಡಕೊಂಡು ಸತ್ತಾರು."

ಆದರೂ ಅವಳ ಕೈ ಸುಮ್ಮನಿರಲಿಲ್ಲ. ಪೆಟ್ರೋಲ್ ಬಂಕಿನ ಹತ್ತಿರ ನಿಂತಿದ್ದ ಒಬ್ಬ ದಪ್ಪ ಮೀಸೆಯವನಿಗೆ ಬೀಸಿಯೇ ಬೀಸಿದಳು. ಅವನು ಟೋಪಿ ಹಿಡಿದ ಕೈಯಲ್ಲೇ ಗಾಬರಿಯಿಂದ ತಿರುಗಿ ಬೀಸಿದ. ಇಬ್ಬರಿಗೂ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಹೊಸಿಯಾ ಗಾಡಿ ನಿಧಾನ ಮಾಡಿ ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಶೆಡ್ಡಿನ ಮುಂದಿನ ಸಾಲು ನೋಡಿದಾಗ ನಗು ಇಳಿಯಿತು. ದನ ಕಟ್ಟುವ ಕಂಬಗಳನ್ನು ಸುತ್ತಿ, ಗೇಟು ದಾಟಿ, ರಸ್ತೆಯವರೆಗೆ ಜನ. ಆ ರಾಜ್ಯದಲ್ಲಿ ಮತದ ಸಾಲಿನವರಿಗೆ ಹೊರಗಿನವರು ಹನಿ ನೀರು ಕೊಟ್ಟರೂ ಕಾನೂನುಬಾಹಿರ. ಪಾದ್ರಿಯ ಹೆಂಡತಿ ಬಾಟಲಿಗಳನ್ನಿಟ್ಟುಕೊಂಡು ರಸ್ತೆಯ ಆಚೆ ಬದಿಯಲ್ಲೇ ನಿಂತಿದ್ದಳು. ಬಾಯಾರಿದವರು ಜಾಗ ನೋಡಿಕೊಳ್ಳಲು ಹೇಳಿ ಓಡಿಹೋಗಿ ಕುಡಿದು ಬರುತ್ತಿದ್ದರು. ಒಬ್ಬರೂ ಇನ್ನೊಬ್ಬರ ಜಾಗ ಕದಿಯುತ್ತಿರಲಿಲ್ಲ. ಲುವೀನಿಯಾಳ ಹಿಂದೆ ಬಂದು ನಿಂತವಳು ಕಾರ್ಖಾನೆಯ ರಬ್ಬರ್ ಬೂಟು ತೊಟ್ಟ ಒಬ್ಬ ಹೆಂಗಸು. ರಾತ್ರಿ ಪಾಳಿಗೆ ಮುಂಚೆ ಮತ ಹಾಕಿಹೋಗಲು ಬಂದವಳು. ಲುವೀನಿಯಾಳ ಕಾಲು ನಡುಗುವುದನ್ನು ಕಂಡು ಅವಳು ತನ್ನ ಊಟದ ಪೆಟ್ಟಿಗೆಯನ್ನು ಬೋರಲು ಹಾಕಿದಳು.

"ಕೂತ್ಕೊಳ್ಳಿ ಅಮ್ಮಾ. ಸಾಲು ಸರಿದಾಗ ಎಬ್ಬಿಸ್ತೀನಿ."

"ನಿನ್ ಊಟ ಅಪ್ಪಚ್ಚಿ ಆಗತ್ತಲ್ಲೇ, ಕಂದಾ."

"ಬೇಯಿಸಿದ ಮೊಟ್ಟೆ. ನೀವು ಕೂತ್ರೆ ಅದೇನು ಮರಿ ಆಗಲ್ಲ, ಕೂತ್ಕೊಳ್ಳಿ."

ಹೀಗೆ ಕೂತು ಎದ್ದು, ಎದ್ದು ಕೂತು, ಬಿಸಿಲು ಹಳದಿಯಾಗುವ ಹೊತ್ತಿಗೆ ಮೇಜಿನ ಮುಂದೆ ಬಂದಳು. ಜೊತೆಗೆ ಹೊಸಿಯಾ, ಅವಳ ತೋಳಿಗೆ ಆಸರೆಯಾಗಿ ನಿಂತು ನಿಂತು ಅವನೂ ಸಾಲಿನಲ್ಲೇ ಬಂದುಬಿಟ್ಟಿದ್ದ. ಮೇಜಿನ ಹುಡುಗಿ ಇಬ್ಬರ ಗುರುತಿನ ಚೀಟಿಯನ್ನೂ ತೆಗೆದುಕೊಂಡಳು.

"ಮಿಸ್ಟರ್ ಪಿಂಕ್ನಿ, ನೀವು ಒಳಗೆ ಹೋಗಬಹುದು," ಎಂದಳು. ಆಮೇಲೆ ಮುಂದಿದ್ದ ಕಂಪ್ಯೂಟರಿನ ಪರದೆಯನ್ನು ಮತ್ತೆ ಮತ್ತೆ ಬೆರಳಿನಿಂದ ಸರಿಸಿ ನೋಡಿ, "ಮಿಸೆಸ್ ಬ್ರಾಸ್‌ವೆಲ್, ನಿಮ್ಮ ಹೆಸರು ಇಲ್ಲ," ಎಂದಳು. "ತೆಗೆದು ಹಾಕಿದಾರೆ. ನೀವು ಆ ವಿಳಾಸದಲ್ಲಿಲ್ಲ ಅಂತ ಯಾರೋ ದೂರು ಕೊಟ್ಟಿದಾರೆ. ನಿಮಗೆ ಕಳಿಸಿದ ಕಾಗದ ವಾಪಸ್ ಬಂದಿದೆ."

ಲುವೀನಿಯಾಳಿಗೆ ಆಗ ಅರ್ಥವಾಯಿತು. ಆಂಬುಲೆನ್ಸಿನವರಿಗೆ ಅನುಕೂಲವೆಂದು ಕೌಂಟಿಯವರೇ ಹಿಂದಿನ ವರ್ಷ ಅವರ ಬೀದಿಯ ಹೆಸರು ಬದಲಿಸಿದ್ದರು. ಕಾಗದ ಹಳೆಯ ಹೆಸರಿಗೆ ಹೋಗಿರಬೇಕು. ಮನೆ ಇದ್ದಲ್ಲೇ ಇತ್ತು, ಅವಳೂ ಇದ್ದಲ್ಲೇ ಇದ್ದಳು. ಬೀದಿಯೇ ಅವಳ ಕಾಲಡಿಯಿಂದ ಎದ್ದು ಹೋಗಿತ್ತು.

"ಹಾಗಾದ್ರೆ ಈಗ?"

"ಏನೂ ಮಾಡೋಕಾಗಲ್ಲ. ಮನೆಗೆ ಹೋಗಿ."

ಹೊಸಿಯಾನ ಮುಖ ಕೆಂಡವಾಯಿತು. "ತಾಯೀ, ನಾನು ಈ ಕಡೆ ತಲೇನೇ ಹಾಕ್ದವನಲ್ಲ, ನನ್ ಹೆಸರು ಇದೆ. ಈಕೆ ಒಂದ್ ಸಲಾನೂ ಬಿಟ್ಟವರಲ್ಲ, ಇವರ ಹೆಸರಿಲ್ಲ! ನನ್ ವೋಟು ಇವರಿಗೇ ಕೊಡಿ."

"ತರಕಾರಿ ಅಂಗ್ಡೀನೇನೋ ಇದು?" ಎಂದು ಲುವೀನಿಯಾ ಅವನನ್ನು ಗದರಿದಳು. ಮೇಜಿನ ಪಕ್ಕದಲ್ಲಿದ್ದ ಕಬ್ಬಿಣದ ಕುರ್ಚಿಯನ್ನು ಎಳೆದುಕೊಂಡು, ಕೋಟು ಸರಿಮಾಡಿಕೊಂಡು ಕೂತಳು. "ನಾನು ಹೋಗಲ್ಲ, ಮಗಳೇ. ನಿನ್ ಮೇಲೆ ಕೋಪ ಇಲ್ಲ. ದೊಡ್ಡವರು ಯಾರಿದಾರೋ ಕರಿ."

"ಹಿಂದೆ ಸಾಲಿದೆ, ಮ್ಯಾಮ್."

ಆಗ ರಬ್ಬರ್ ಬೂಟಿನ ಹೆಂಗಸು ಹಿಂತಿರುಗಿ ಸಾಲಿಗೇ ಕೇಳಿದಳು. "ಏನ್ರಪ್ಪಾ, ಇವರದ್ದು ಇತ್ಯರ್ಥ ಆಗೋ ತನಕ ಕಾಯ್ತೀರಾ?"

"ಇಷ್ಟ್ ಹೊತ್ತು ನಿಂತಿಲ್ವಾ, ಇನ್ನಷ್ಟು ನಿಲ್ತೀವಿ," ಎಂದಿತು ಒಂದು ಗಂಡಸಿನ ದನಿ. "ಅಮ್ಮಾ, ಆರಾಮಾಗಿ ಕೂತಿರಿ," ಎಂದಿತು ಇನ್ನೊಂದು. ಪಾಳಿಗೆ ಹೊತ್ತಾದವರು, ಮಗು ಎತ್ತಿಕೊಂಡವರು, ಬೆಳಗಿನಿಂದ ಏನೂ ತಿನ್ನದವರು — ಒಬ್ಬರ ಬಾಯಿಂದಲೂ ಗೊಣಗಾಟ ಬರಲಿಲ್ಲ. ಲುವೀನಿಯಾ ತಲೆ ತಗ್ಗಿಸಿದಳು. ಹೆಸರಿಲ್ಲವೆಂದಾಗ ಬಾರದ ಅಳು ಈಗ ಬಂತು.

ಒಳಗಿನಿಂದ ಮತಗಟ್ಟೆಯ ಮುಖ್ಯಸ್ಥೆ ಬಂದಳು. ದಣಿದ ಮುಖದ ಬಿಳಿಯ ಹೆಂಗಸು. ಪರದೆ ನೋಡಿದಳು, ಲುವೀನಿಯಾಳನ್ನು ನೋಡಿದಳು, ಕದಲದೆ ನಿಂತ ಸಾಲನ್ನೂ ನೋಡಿದಳು. "ಇವರಿಗೆ ತಾತ್ಕಾಲಿಕ ಮತಪತ್ರ ಕೊಡಬೇಕು. ಕೊಡದೆ ಕಳಿಸೋ ಹಾಗಿಲ್ಲ," ಎಂದು ಹುಡುಗಿಗೆ ಹೇಳಿ, ಲುವೀನಿಯಾಳ ಕಡೆ ಬಗ್ಗಿದಳು. "ನೀವು ಮತ ಹಾಕಿ, ಮ್ಯಾಮ್. ಬೇರೆ ಲಕೋಟೆಯಲ್ಲಿಟ್ಟು ಎತ್ತಿಡ್ತೀವಿ. ಶುಕ್ರವಾರದೊಳಗೆ ಕೌಂಟಿ ಕಚೇರಿಗೆ ಬಂದು ಅದೇ ಮನೆಯಲ್ಲಿದೀನಿ ಅಂತ ತೋರಿಸಿದ್ರೆ ಎಣಿಸ್ತಾರೆ. ತೋರಿಸದಿದ್ರೆ ಇಲ್ಲ."

ಲುವೀನಿಯಾ ಮತ ಹಾಕಿದಳು. ಪಕ್ಕದ ಅಡ್ಡಗೋಡೆಯಾಚೆ ಹೊಸಿಯಾ ಕೂಡ ಹಾಕಿದ. ಹೊರಗೆ ಬಂದಾಗ ಕೆಮ್ಮುತ್ತ, "ಅಷ್ಟು ದೂರ ಬಂದಾಗಿತ್ತಲ್ಲ," ಎಂದ.

ಮಾರನೆಯ ಬೆಳಿಗ್ಗೆ ಅವಳು ಕರೆಯುವ ಮೊದಲೇ ಅವನು ಬಾಗಿಲಿಗೆ ಬಂದಿದ್ದ. ಕೌಂಟಿ ಕಚೇರಿಯಲ್ಲಿ ಹೊಸ ತೊಡಕು. ವಿಳಾಸಕ್ಕೆ ಪುರಾವೆಯೆಂದು ತಂದಿದ್ದ ಕರೆಂಟಿನ ಬಿಲ್ಲು ಇನ್ನೂ ತೀರಿಕೊಂಡ ಗಂಡ ಏಮಸ್ ಹೆಸರಿನಲ್ಲೇ ಇತ್ತು. ಬದಲಿಸಲು ಅವಳಿಗೆ ಮನಸ್ಸು ಬಂದಿರಲಿಲ್ಲ.

"ಈ ಏಮಸ್ ಬ್ರಾಸ್‌ವೆಲ್ ಅವರನ್ನ ಕರ್ಕೊಂಡು ಬರ್ತೀರಾ?" ಎಂದ ಗುಮಾಸ್ತ.

"ಕರ್ಕೊಂಡು ಬರೋದು ಕಷ್ಟ," ಎಂದ ಹೊಸಿಯಾ, ಟೈ ಸರಿಮಾಡಿಕೊಂಡು. "ಆದ್ರೆ ಅವರನ್ನ ಆ ಮನೆಯಿಂದ ಎತ್ಕೊಂಡು ಹೋದವನು ನಾನೇ. ಬಾಗಿಲು ಚಿಕ್ಕದು, ಅವರು ದೊಡ್ಡ ಆಳು, ಅಡಿಗೆಮನೆ ಕಡೆಯಿಂದ ಸುತ್ತಿಸ್ಕೊಂಡು ಬಂದ್ವಿ. ಅದೇ ಮನೆ, ಅದೇ ಬೀದಿ. ಹೆಸರು ಬದಲಿಸಿದ್ದು ನೀವು. ನಿಮ್ಮ ರಸ್ತೆ ಇಲಾಖೆಗೆ ಈಗಲೇ ಫೋನ್ ಮಾಡಿ. ನಾನು ಇಲ್ಲೇ ನಿಂತಿರ್ತೀನಿ. ನನ್ ಗಿರಾಕಿಗಳಿಗೆ ಅವಸರ ಇರಲ್ಲ."

ಗುಮಾಸ್ತನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಕೊನೆಗೆ ಫೋನ್ ಮಾಡಿದ. ಆ ತುದಿಯವರಿಗೆ ಹಳೆಯ ಹೆಸರು, ಹೊಸ ಹೆಸರು ಎರಡೂ ಒಂದೇ ಬೀದಿಯವೆಂದು ಹೇಳಲು ಬಹಳ ಹೊತ್ತು ಬೇಕಾಗಲಿಲ್ಲ. ಅದೇ ಬೀದಿಯ ಇನ್ನೂ ಹಲವರ ಹೆಸರು ಹೀಗೇ ಬಿಟ್ಟುಹೋಗಿ, ಅವರ ತಾತ್ಕಾಲಿಕ ಮತಪತ್ರಗಳೂ ಲಕೋಟೆಯಲ್ಲೇ ಇವೆಯೆಂದು ತಿಳಿದಾಗ ಹೊಸಿಯಾ ಅಲ್ಲಿಂದಲೇ ಊರಿಗೆ ಫೋನ್ ಹಚ್ಚಿದ. ಗುರುವಾರ, ಶುಕ್ರವಾರ ಎರಡು ದಿನವೂ ಪಿಂಕ್ನಿಯವರ ದೊಡ್ಡ ಕಾರುಗಳು ಸೇತುವೆಯ ಮೇಲೆ ಹೋಗುತ್ತಲೂ ಬರುತ್ತಲೂ ಇದ್ದವು. ಕೆಲಸ ಬಿಟ್ಟು ಬರಲಾಗದೆ ಇಬ್ಬರು ಉಳಿದುಹೋದರು. ಅವರ ಮತ ಹೋಯಿತು. ಉಳಿದವರದ್ದು ನಿಂತಿತು.

ಯಾರು ಗೆದ್ದರೆಂಬುದು ಅಷ್ಟರಲ್ಲಿ ಟೀವಿಯಲ್ಲಿ ಬಂದಾಗಿತ್ತು. ಆದರೂ ಮುಂದಿನ ವಾರ ಕಚೇರಿಯಿಂದ ಫೋನ್ ಬಂದು, "ನಿಮ್ಮ ಮತ ಎಣಿಸಿದೀವಿ," ಎಂದಾಗ ಲುವೀನಿಯಾ ಗೋಡೆ ಹಿಡಿದುಕೊಂಡು ನಿಂತು, ಮಾತನಾಡುತ್ತಿದ್ದವನು ಯಾರೆಂದೂ ತಿಳಿಯದೆ ಅವನನ್ನು ಬಾಯ್ತುಂಬ ಹರಸಿದಳು.

ಸಂಜೆ ಸಿಹಿಗೆಣಸಿನ ಪೈ ಮಾಡಿಕೊಂಡು ಹೊಸಿಯಾನ ಶವಸಂಸ್ಕಾರದ ಅಂಗಡಿಗೆ ಹೋದಳು. ಅವನು ಕೈ ತೊಳೆದುಕೊಂಡು ಬಂದು ತಟ್ಟೆ ಹುಡುಕಿದ. ಚಮಚ ಎತ್ತುವ ಮೊದಲೇ ಅವಳು ಅವನ ಕೈ ಹಿಡಿದಳು.

"ಮೊದಲು ಪ್ರಾರ್ಥನೆ."

ಕಣ್ಣು ಮುಚ್ಚಿ ತಾಯಿಯ ಹೆಸರು ಹೇಳಿದಳು, ಏಮಸ್ ಹೆಸರು ಹೇಳಿದಳು. ಮತಗಟ್ಟೆಯ ಆ ದಣಿದ ಹೆಂಗಸಿಗೆ ಒಳ್ಳೆಯ ನಿದ್ದೆ ಬೇಡಿದಳು. ಸಾಲಿನಲ್ಲಿ ನಿಂತ ಒಬ್ಬೊಬ್ಬರನ್ನೂ ಅವರ ಕೋಟಿನ ಬಣ್ಣ ಹೇಳಿ, ಎತ್ತಿಕೊಂಡ ಮಗುವನ್ನು ಹೇಳಿ ನೆನೆದಳು. "ಆ ಬೂಟಿನ ಹುಡುಗಿ ಹೆಸರು ನಾನು ಕೇಳ್ಲಿಲ್ಲ, ತಂದೇ. ನಿನಗೆ ಗೊತ್ತು," ಎಂದಳು.

ಪ್ರಾರ್ಥನೆ ಮುಗಿಯುವ ಲಕ್ಷಣ ಕಾಣದೆ ಹೊಸಿಯಾ ಒಂದು ಕಣ್ಣು ತೆರೆದ. ಪೈ ಆರುತ್ತಿತ್ತು. ಅವಳ ಮುಖ ನೋಡಿ ಮತ್ತೆ ಮುಚ್ಚಿಕೊಂಡ.

"ಇನ್ನು ಈ ಹೊಸಿಯಾ," ಎಂದು ಅವಳು ಮುಂದುವರಿಸಿದಳು.