ಅಕ್ಕನ ಹೆಬ್ಬೆರಳಿನ ಗುಳಿ

ನಮ್ಮ ಮನೆಯಲ್ಲಿ ನಾನೊಬ್ಬಳೇ. ಇಷ್ಟು ಹೇಳುವುದಕ್ಕೆ ಏನು ಕಷ್ಟ? ಆದರೆ ಆ ದಿನ ನಾನು ಓದಲು ಸೇರಿದ್ದ ತರಗತಿಯಲ್ಲಿ ಪ್ರಾಜೆಕ್ಟಿನ ಗೈಡ್ ಮೇಡಂ "ನಿಮ್ಮ ಮನೇಲಿ ಯಾರಿದ್ದಾರೆ?" ಎಂದು ಕೇಳಿದಾಗ ನನ್ನ ಹಾಳು ಬಾಯಿ "ಅಕ್ಕ" ಎಂದುಬಿಟ್ಟಿತು. ಅಕ್ಕ ತೀರಿಕೊಂಡು ವರ್ಷದ ಮೇಲಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಿದ್ದಿಕೊಳ್ಳೋಣ ಎನ್ನುವಷ್ಟರಲ್ಲಿ ಮೇಡಂ ಪಕ್ಕದವಳತ್ತ ತಿರುಗಿದ್ದರು.

ನಾನು ಹೈಸ್ಕೂಲಿನ ವರ್ಕ್‌ಶಾಪ್ ಟೀಚರ್. ಮರ, ತಗಡು, ಗರಗಸ, ಉಳಿ ಇವುಗಳ ನಡುವೆಯೇ ಕೂದಲು ನರೆತಿದೆ. ವಿಜ್ಞಾನ, ಗಣಿತ, ತಂತ್ರಜ್ಞಾನ ಮೂರನ್ನೂ ಬೆರೆಸಿ ಕಲಿಸುವ ಹೊಸ ಸ್ನಾತಕೋತ್ತರ ಪದವಿ ಇಲ್ಲದವರಿಗೆ ಇನ್ನು ವರ್ಕ್‌ಶಾಪ್ ಇಲ್ಲ, ಸ್ಟೋರ್ ರೂಮೇ ಗತಿ ಎಂದು ಮೇಲಿನಿಂದ ಆದೇಶ ಬಂತು. ಅಕ್ಕ ಹೋದಮೇಲೆ ನನಗೆ ಉಳಿದಿದ್ದು ಆ ವರ್ಕ್‌ಶಾಪ್ ಕೋಣೆಯೊಂದೇ. ಅದನ್ನೂ ಬಿಟ್ಟು ಸೀಮೆಸುಣ್ಣ ಕಾಯುತ್ತ ಕೂರಲೇ? ಆ ಪದವಿಗೆ ಹೋಗಿ ಸೇರಿದೆ. ಸಹಪಾಠಿಗಳೆಲ್ಲ ಮಗಳ ವಯಸ್ಸಿನವರು. "ದೊಡ್ಡಮ್ಮ" ಎಂದು ಬಾಯಿತುಂಬ ಕರೆಯುತ್ತಿದ್ದರು, ಕ್ಯಾಂಟೀನಿಗೆ ಮಾತ್ರ ಕರೆಯುತ್ತಿರಲಿಲ್ಲ.

ಕೊನೆಯ ಪ್ರಾಜೆಕ್ಟ್ ಇಷ್ಟೇ: ಮನೆಯವರೊಬ್ಬರ ಕಷ್ಟಕ್ಕೆ ಒಂದು ಸಾಧನ ಮಾಡಿ ಅವರ ಕೈಗೆ ಕೊಡಬೇಕು, ಅವರು ಹೇಳಿದ ತಪ್ಪನ್ನು ತಿದ್ದಿ ಮತ್ತೆ ಕೊಡಬೇಕು. ಅಕ್ಕನಿಗೆ ಕೀಲುನೋವು ಇತ್ತು, ಬಲಗೈ ಹೆಬ್ಬೆರಳು ಮಡಚುತ್ತಲೇ ಇರಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯಲು ದಿನಕ್ಕೆ ಹತ್ತು ಸಲ ನನ್ನನ್ನು ಕೂಗುತ್ತಿದ್ದಳು, ನಾನು ಹತ್ತು ಸಲವೂ ಸಿಡುಕುತ್ತಿದ್ದೆ. ಅವಳಿಗೆಂದೇ ಮುಚ್ಚಳ ತಿರುಗಿಸಲು ಮರದ ಉದ್ದ ಹಿಡಿಯ ಒಂದು ಸಾಧನ ಮಾಡಿದೆ. ಹಿಡಿ ಉದ್ದವಿದ್ದಷ್ಟೂ ಬಲ ಕಡಿಮೆ ಸಾಕು, ಅದೇ ವಿಜ್ಞಾನದ ಪಾಲು. "ಅಕ್ಕನಿಗೆ ತುಂಬ ಇಷ್ಟವಾಯಿತು" ಎಂದು ವರದಿ ಬರೆದುಕೊಟ್ಟೆ.

ಮೇಡಂ ಓದಿ ಮುಖ ಎತ್ತಿದರು. "ನಿಮ್ಮಕ್ಕ ಏನು ಕೋಲೆ ಬಸವನಾ? ಎಲ್ಲದಕ್ಕೂ ತಲೆ ಆಡಿಸ್ತಾರಲ್ಲ. ನಿಜವಾಗ್ಲೂ ಬಳಸಿದೋರು ಗೊಣಗಲೇಬೇಕು."

ನನಗೆ ಮೈ ಉರಿದುಹೋಯಿತು. ನನ್ನಕ್ಕ ಕೋಲೆ ಬಸವನೇ? ಮೊಸರಲ್ಲಿ ಕಲ್ಲು ಹುಡುಕುವವಳು ಅವಳು!

ಮನೆಗೆ ಬಂದವಳೇ ಅಡುಗೆಮನೆಯಲ್ಲಿ ಡಬ್ಬಿಯನ್ನೂ ಆ ಸಾಧನವನ್ನೂ ಮುಂದಿಟ್ಟುಕೊಂಡು ಕೂತೆ. "ಹೇಳೇ ಅಕ್ಕ" ಎಂದೆ. ಶುರುವಾಯಿತು ನೋಡಿ. 'ಇದೇನೇ, ಒನಕೆ ಮಾಡಿಟ್ಟಿದ್ದೀಯ? ಹೆಬ್ಬೆರಳು ಎಲ್ಲಿಡಲಿ, ನಿನ್ನ ತಲೆ ಮೇಲಾ?' ಹಿಡಿಯನ್ನು ತೆಳ್ಳಗೆ ಮಾಡಿದೆ. ಮಡಚದ ಹೆಬ್ಬೆರಳು ಒರಗಲೆಂದು ಎಡಕ್ಕೊಂದು ಗುಳಿ ಕೊರೆದೆ. 'ಚುಚ್ಚುತ್ತೆ' ಎಂದಳು, ಉಜ್ಜಿ ನುಣುಪು ಮಾಡಿದೆ. ಆ ವಾರವೆಲ್ಲ ಮನೆಯಲ್ಲಿ ಇಬ್ಬರಿದ್ದೆವು. ಅವಳ ಬೈಗುಳ ಕೇಳಿ ಎಷ್ಟು ಕಾಲವಾಗಿತ್ತು! ಅವಳು ಬದುಕಿದ್ದಾಗ ಒಂದು ದಿನವೂ ಇಷ್ಟು ತಾಳ್ಮೆಯಿಂದ ಕೇಳಿರಲಿಲ್ಲ.

ಎರಡನೆಯ ವರದಿ ಓದಿ ಮೇಡಂ ಬಿದ್ದು ಬಿದ್ದು ನಕ್ಕರು. "ಇದಪ್ಪಾ ವರದಿ ಅಂದ್ರೆ! ಕೊನೇ ದಿನ ನಿಮ್ಮಕ್ಕನ್ನ ಕರ್ಕೊಂಡು ಬನ್ನಿ. ಎಲ್ಲರ ಮುಂದೆ ಅವರೇ ಮುಚ್ಚಳ ತೆಗೀಲಿ."

"ಅಕ್ಕ ಇಲ್ಲ ಮೇಡಂ" ಎಂದೆ. "ಹೋಗಿ ವರ್ಷದ ಮೇಲಾಯ್ತು."

ಅವರ ನಗು ಅಲ್ಲೇ ನಿಂತಿತು. "ಮತ್ತೆ ಇಷ್ಟೆಲ್ಲ ಬೈದಿದ್ದು ಯಾರು?"

"ಅವಳೇ."

ಮೇಡಂ ವರದಿ ಮುಚ್ಚಿಟ್ಟರು. ಮೆಲ್ಲಗೆ, "ಹೀಗೆ ನಾನು ಪಾಸ್ ಮಾಡೋಕಾಗಲ್ಲ. ಒಂದು ವಾರ ಕೊಡ್ತೀನಿ. ಬದುಕಿರೋ ಒಂದು ಕೈ ಹುಡುಕಿ" ಎಂದರು.

ಬದುಕಿರುವ ಕೈ! ಊರು ತುಂಬ ಕೈಗಳು, ನನ್ನ ಪರಿಚಯದ್ದು ಒಂದೂ ಇಲ್ಲ. ಕೊನೆಗೆ ನೆನಪಾದವರು ಕೆಳಮನೆಯ ಟೈಲರಮ್ಮ. ಅವರೂ ಒಂಟಿ. ಇಷ್ಟು ವರ್ಷದಲ್ಲಿ "ನೀರು ಬಂತಾ?" ಎನ್ನುವುದರಾಚೆ ನಮ್ಮ ಮಾತು ಹೋಗಿರಲಿಲ್ಲ. ಅವರು ಕೈಗೆ ಪಟ್ಟಿ ಸುತ್ತಿಕೊಂಡು ಮಿಷನ್ ಮುಂದೆ ಕೂರುವುದನ್ನು ಮೆಟ್ಟಿಲು ಹತ್ತುವಾಗ ನೋಡಿದ್ದೆ. ಬಾಗಿಲು ತಟ್ಟಿ, ವಿಷಯ ಹೇಳಿ, ಸಾಧನ ಕೊಟ್ಟೆ.

ಅವರು ಹಿಡಿದರು, ತಿರುಗಿಸಿದರು, ಜಾರಿತು. "ಇದು ಯಾರ ಕೈಗೆ ಮಾಡಿದ್ದಮ್ಮ? ನನಗೆ ಹಿಡಿಯೋಕೇ ಬರಲ್ಲ."

"ಸರಿಯಾಗಿ ಹಿಡ್ಕೊಳ್ಳಿ! ಹೆಬ್ಬೆರಳು ಆ ಗುಳೀಲಿಡಿ" ಎಂದು ರೇಗಿದೆ.

"ನನ್ನ ಹೆಬ್ಬೆರಳು ಗಟ್ಟಿಯಾಗೇ ಇದೆ. ನೋವಿರೋದು ಮಣಿಕಟ್ಟಲ್ಲಿ. ನೀವೆಲ್ಲಿ ಕೇಳಿದ್ರಿ?"

ನಿಜ, ಕೇಳಿರಲಿಲ್ಲ. ಚೀಲದಿಂದ ಅರ ತೆಗೆದೆ. ಆ ಗುಳಿಯ ಅಂಚನ್ನು ಉಜ್ಜಿ ಸಮ ಮಾಡಿದರೆ ಹಿಡಿ ಇವರಿಗೂ ಆದೀತು. ಅರವನ್ನು ಗುಳಿಯ ಮೇಲಿಟ್ಟೆ. ಕೈ ಮುಂದೆ ಹೋಗಲಿಲ್ಲ. ಇನ್ನೊಮ್ಮೆ ಇಟ್ಟೆ. ಆಗಲಿಲ್ಲ. ಸಾಧನವನ್ನು ಹಾಗೆಯೇ ಚೀಲದಲ್ಲಿಟ್ಟು, "ಬೇರೆ ಮರದಲ್ಲಿ ಮಾಡ್ತೀನಿ. ನಿಮ್ಮ ಕೈ ಕೊಡಿ, ಅಳತೆ ಬೇಕು" ಎಂದೆ.

ಟೈಲರಮ್ಮ ಕೊರಳಲ್ಲಿದ್ದ ಟೇಪನ್ನೇ ತೆಗೆದುಕೊಟ್ಟು ಕೈ ಚಾಚಿದರು. ಬೆಚ್ಚಗಿತ್ತು. ಅಂಗೈ ಅಗಲ, ಬೆರಳುಗಳ ಉದ್ದ, ಮಣಿಕಟ್ಟಿನ ಸುತ್ತು, ಎಲ್ಲ ಅಳೆದೆ. ಅಳೆದಿದ್ದನ್ನೇ ಇನ್ನೊಮ್ಮೆ ಅಳೆದೆ.

"ಇನ್ನೂ ಆಗಿಲ್ವಾ? ಒಂದು ಕೈಗೆ ಇಷ್ಟು ಹೊತ್ತಾ? ನಾನಾಗಿದ್ರೆ ಒಂದು ಜುಬ್ಬ ಹೊಲಿದು ಗುಂಡಿ ಹಾಕ್ತಿದ್ದೆ" ಎಂದು ಗೊಣಗಿದರು.

"ಗೊಣಗಿ" ಎಂದೆ ಅವರ ಕೈ ಬಿಡದೆ. "ಇನ್ನೂ ಏನೇನು ಸರಿಯಿಲ್ಲ, ಎಲ್ಲ ಹೇಳಿ."