ಅಂಬುಜಾ ಡ್ರಿಲ್ಲಿಂಗ್ ಮೆಷಿನ್ ನೋಡಲು ಹೋದ ದಿನ

ಬೈರಿಗೆ ಹಿಡಿದು ಕೊರೆದ ತೂತು ನೆಟ್ಟಗೆ ಇಳಿಯುವುದಿಲ್ಲವೆಂದು ವೆಂಕಟಗಿರಿಗೆ ಮನದಟ್ಟಾದದ್ದು ನಾದಿನಿಯ ಮಗುವಿಗೆ ತೊಟ್ಟಿಲು ಮಾಡಲು ಹೊರಟಾಗ. ತೇಗದ ಮರ ಒಳ್ಳೆಯದಿತ್ತು, ಅವನ ಕೈಯೂ ತೀರಾ ಕೆಟ್ಟದ್ದಲ್ಲ. ಆದರೆ ಅಡ್ಡಪಟ್ಟಿಗೆ ಸರಳುಗಳನ್ನು ಕೂರಿಸಿ ನೋಡಿದರೆ ಒಂದು ಆ ಕಡೆ, ಇನ್ನೊಂದು ಈ ಕಡೆ ವಾಲಿಕೊಂಡಿದ್ದವು.

"ಮಗು ಈ ಸಂದೀಲೇ ನುಸುಳಿಕೊಂಡು ಹೊರಗೆ ಬರತ್ತೆ, ಅಷ್ಟೆ" ಎಂದಳು ಹೆಂಡತಿ ಅಂಬುಜಾ.

ರಾಜಾಜಿನಗರದ ಅವರ ಮನೆಯ ಹಿತ್ತಲಲ್ಲಿ, ಒಗೆಯುವ ಕಲ್ಲಿನ ಪಕ್ಕ, ಶೀಟು ಹೊದಿಸಿದ ಒಂದು ಶೆಡ್ಡಿತ್ತು. ಇನ್ಶೂರೆನ್ಸ್ ಕಚೇರಿಯಿಂದ ಬಂದವನೇ ಗಿರಿ ಪಂಚೆ ಎತ್ತಿಕಟ್ಟಿ ಅದರೊಳಗೆ ಸೇರುತ್ತಿದ್ದ. ಮೊದಮೊದಲು ಕಾಫಿ ಕೊಡಲು ಹೋಗುತ್ತಿದ್ದ ಅಂಬುಜಾ ಬರಬರುತ್ತಾ ಉಳಿ ಹಿಡಿಯುವುದನ್ನೂ ಕಲಿತಳು. ಮಕ್ಕಳಿಲ್ಲದ ಮನೆ, ಸಂಜೆ ಉದ್ದವಾಗಿರುತ್ತಿತ್ತು. ಕೆಲಸದಲ್ಲಿ ಅವನಿಗಿಂತ ಅವಳದ್ದೇ ಹಟ ಜಾಸ್ತಿ. ನಿಂತು ಕೊರೆಯುವ ಡ್ರಿಲ್ಲಿಂಗ್ ಮೆಷಿನ್ ಕೊಳ್ಳಲೇಬೇಕು ಎಂದವಳೂ ಅವಳೇ. ಎಸ್.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಹೊಸದನ್ನು ನೋಡಿ ಬಂದರು. ಆಮೇಲೆ, ಇಂಡಸ್ಟ್ರಿಯಲ್ ಟೌನಿನಲ್ಲಿ ಕರಿಬಸಪ್ಪ ಎನ್ನುವವರು ಎರಡು ಹಳೆಯ ಮೆಷಿನ್ ಮಾರುತ್ತಿದ್ದಾರೆಂದು ಯಾರೋ ಹೇಳಿದರು.

ಭಾನುವಾರ ಊಟ ಮುಗಿಸಿ ಇಬ್ಬರೂ ಹೊರಟರು. ಅಂಬುಜಾ ಬೆಳಿಗ್ಗೆ ಎರೆದುಕೊಂಡಿದ್ದಳು. ಸೊಂಟ ದಾಟಿದ ಕೂದಲು ಇನ್ನೂ ಪೂರ್ತಿ ಒಣಗಿರಲಿಲ್ಲವಾದ್ದರಿಂದ ಸಡಿಲವಾಗಿ ಜಡೆ ಹಾಕಿದ್ದಳು. ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅತ್ತೆ ಅನಂತಲಕ್ಷ್ಮಮ್ಮ, "ಬೇಗ ಬನ್ರೋ" ಎಂದು ತಲೆಯ ಮೇಲಿನ ಕೆಂಪು ಸೆರಗನ್ನು ಸರಿಮಾಡಿಕೊಂಡರು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಹಳೆಯ ಸಂಪ್ರದಾಯದಂತೆ ಅಂದಿನಿಂದಲೂ ತಲೆ ಬೋಳಿಸಿಕೊಂಡು ಮಡಿಯಲ್ಲೇ ಬದುಕಿದವರು.

ಕರಿಬಸಪ್ಪ ದಾವಣಗೆರೆ ಕಡೆಯವರು. ರಜೆಯಾದ್ದರಿಂದ ಅವರ ಚಿಕ್ಕ ಕಾರ್ಖಾನೆಯಲ್ಲಿ ಕೆಲಸದವರು ಯಾರೂ ಇರಲಿಲ್ಲ. ಮನೆ ಹಿಂದೆಯೇ ಇದ್ದುದರಿಂದ ಅವರ ಹೆಂಡತಿ ನೀಲಗಂಗಮ್ಮನೂ ಬಂದು ಮಾತಿಗೆ ನಿಂತರು. ಒಂದು ಮೆಷಿನ್ ಮೇಜಿನ ಮೇಲೆ ಕೂರಿಸುವಂಥ ಚಿಕ್ಕದು. ಇನ್ನೊಂದು ನೆಲದಿಂದಲೇ ಎದ್ದ ಕಂಬದ್ದು, ಗಿರಿಗಿಂತ ಎತ್ತರ.

"ದೊಡ್ಡದು ತಗೊಳ್ರೀ ಸರ. ಕಬ್ಬಿಣಕ್ಕೇ ಜಗ್ಗಲ್ಲ, ಮರ ಏನು ಲೆಕ್ಕ?" ಎಂದರು ಕರಿಬಸಪ್ಪ.

"ಮೇಲ್ಗಡೆ ಬೆಲ್ಟಿಗೆ ಮುಚ್ಚಳ ಇರಲ್ವಾ?" ಗಿರಿ ಕೇಳಿದ.

"ಇತ್ತು. ದಿನಾ ಬಿಚ್ಚೋದು ಹಾಕೋದು ಯಾಕಂತ ನಾನೇ ತೆಗೆದಿಟ್ಟೀನಿ. ಬೇಕಾದ್ರೆ ಹಾಕಿಸಿ ಕೊಡ್ತೀನಿ."

ಅವರು ಬಾಗಿಲ ಬಳಿಗೆ ಹೋಗಿ ಗೋಡೆಯ ಸ್ವಿಚ್ ಹಾಕಿದರು. ಗಿರಿ ಹಿಡಿ ಎಳೆದು ಹಲಗೆಯ ತುಂಡಿನಲ್ಲಿ ಒಂದು ತೂತು ಕೊರೆದ. ಬೆಣ್ಣೆಯೊಳಗೆ ಬೆರಳಿಟ್ಟ ಹಾಗೆ ಇಳಿಯಿತು. ಅವನ ಮುಖ ಅರಳಿದ್ದನ್ನು ಕಂಡು ಅಂಬುಜಾಗೂ ಉತ್ಸಾಹ ಬಂತು. "ನೆಟ್ಟಗಿದ್ಯಾ ನೋಡ್ತೀನಿ, ತಡೀರಿ" ಎಂದು, ಮೆಷಿನ್ ತಿರುಗುತ್ತಿರುವಾಗಲೇ ಬಗ್ಗಿದಳು.

ಜಡೆ ಹೆಗಲಿನಿಂದ ಮುಂದಕ್ಕೆ ಜಾರಿತು.

ಏನಾಯಿತೆಂದು ಅವಳಿಗೆ ತಿಳಿಯಲೇ ಇಲ್ಲ. ಯಾರೋ ಹಿಡಿದೆಳೆದ ಹಾಗೆ ತಲೆ ಮುಂದಕ್ಕೆ ಹೋಯಿತು, ಹಣೆ ಕಬ್ಬಿಣದ ಕಂಬಕ್ಕೆ ಬಡಿಯಿತು. ನೆತ್ತಿಯ ಚರ್ಮ ಕಿತ್ತುಬರುತ್ತಿದೆ ಎನಿಸಿತು. ಕೂಗಿದ್ದು ತಾನೋ ನೀಲಗಂಗಮ್ಮನೋ ಗೊತ್ತಾಗಲಿಲ್ಲ. ಗಿರಿ ಹಿಂದುಮುಂದು ನೋಡದೆ ಓಡುತ್ತಿದ್ದ ಬೆಲ್ಟಿಗೇ ಕೈ ಹಾಕಿದ. ಹಳೆಯ ಬೆಲ್ಟು, ಸಡಿಲವಾಗಿತ್ತು. ಕಿರ್ರೆಂದು ಚೀರುತ್ತಾ ಜಾರತೊಡಗಿತು. ಅಷ್ಟರಲ್ಲಿ ಕರಿಬಸಪ್ಪ ಬಾಗಿಲಿಗೆ ಓಡಿ ಸ್ವಿಚ್ ಆರಿಸಿದರು.

ಮೆಷಿನ್ ನಿಂತಿತು. ಅಂಬುಜಾಳ ಕೆನ್ನೆ ಮೆಷಿನ್ನಿಗೆ ಅಂಟಿಕೊಂಡಿತ್ತು. ಜಡೆಯೆಲ್ಲ ಕೊರೆಯುವ ಕಡ್ಡಿಗೆ ಹಗ್ಗದಂತೆ ಬಿಗಿದು ಸುತ್ತಿಕೊಂಡಿತ್ತು. ಅಲ್ಲಾಡಿದರೆ ಪ್ರಾಣ ಹೋಗುವಂಥ ನೋವು. ಕರಿಬಸಪ್ಪ ಬೆಲ್ಟಿನ ಪುಲ್ಲಿಯನ್ನು ಹಿಂದಕ್ಕೆ ತಿರುಗಿಸಲು ನೋಡಿದರು.

"ಬೇಡ, ಬೇಡ... ಕತ್ತರಿಸಿಬಿಡಿ" ಎಂದಳು ಅಂಬುಜಾ.

"ಅಷ್ಟು ಉದ್ದ ಕೂದಲವ್ವ..." ಎಂದರು ನೀಲಗಂಗಮ್ಮ.

"ಕತ್ತರಿಸೀಂದ್ರೆ!"

ನೀಲಗಂಗಮ್ಮ ತಗಡು ಕತ್ತರಿಸುವ ದೊಡ್ಡ ಕತ್ತರಿ ತಂದು, ಅಳುತ್ತಲೇ, ಕಿವಿಯ ಹತ್ತಿರ ಕತ್ತರಿಸಿದರು. ಅಂಬುಜಾ ಹಿಂದಕ್ಕೆ ಕುಸಿದು ನೆಲದ ಮೇಲೆ ಕೂತಳು. ಆಗ ಅವಳಿಗೆ ಗಂಡನ ಕೈ ಕಂಡಿತು. ಅಂಗೈ ಹರಿದು ರಕ್ತ ಮೊಣಕೈವರೆಗೂ ಇಳಿದಿತ್ತು. ಅವನು ಅದನ್ನು ನೋಡಿಕೊಂಡೇ ಇರಲಿಲ್ಲ, ಅವಳನ್ನೇ ನೋಡುತ್ತಿದ್ದ.

ಕರಿಬಸಪ್ಪ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟರು. ಅಂಬುಜಾಳ ನೆತ್ತಿಯ ಒಂದು ಕಡೆ ಸ್ವಲ್ಪ ಕಿತ್ತು ರಕ್ತ ಜಿನುಗುತ್ತಿತ್ತು. ನೀಲಗಂಗಮ್ಮ ಅರಿಸಿನ ಒತ್ತಿ, ಸೆರಗನ್ನು ತಲೆಯ ಮೇಲೆ ಹೊದಿಸಿದರು. ಒಳಗೆ ಮಲಗು ಎಂದರೂ ಅವಳು ಕೇಳಲಿಲ್ಲ. ಮನೆಗೆ, ಮನೆಗೆ ಎನ್ನುವ ಒಂದೇ ಮಾತು ಬರುತ್ತಿತ್ತು. ಕೊನೆಗೆ ಆಟೋ ಹತ್ತಿಸಿ ಕಳಿಸಿದರು.

ಅನಂತಲಕ್ಷ್ಮಮ್ಮ ಜಗುಲಿಯಲ್ಲೇ ಇದ್ದರು. ಮಗನ ಜೊತೆಗೆ ಹೋದ ಸೊಸೆ ಒಬ್ಬಳೇ ಆಟೋದಿಂದ ಇಳಿದಳು. ಮುತ್ತೈದೆ, ಎಂದೂ ತಲೆ ಮುಚ್ಚದವಳು, ಸೆರಗು ಹೊದ್ದಿದ್ದಳು. ಸೀರೆಯ ಮೇಲೆ ರಕ್ತ. ಮೆಟ್ಟಿಲು ಹತ್ತುವಾಗ ಸೆರಗು ಜಾರಿತು. ಜಡೆ ಇರಲಿಲ್ಲ. ಕಂಬಕ್ಕೆ ಉಜ್ಜಿದ ಹಣೆಯಲ್ಲಿ ಕುಂಕುಮವೂ ಇರಲಿಲ್ಲ.

ಮೊರ ಉರುಳಿ ಅವರೆಕಾಳು ಜಗುಲಿಯ ತುಂಬ ಚೆಲ್ಲಿತು.

"ಗಿರಿ ಎಲ್ಲೇ?"

"ಆಸ್ಪತ್ರೆ..." ಎಂದಳು ಅಂಬುಜಾ. ಅಷ್ಟಕ್ಕೇ ಅಳು ನುಗ್ಗಿತು.

ಅನಂತಲಕ್ಷ್ಮಮ್ಮ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಊಟ ಮಾಡಿ ಹೋದ ಮಗ ಇಷ್ಟರಲ್ಲೇ ಸತ್ತು, ಸೊಸೆಯ ತಲೆಯನ್ನೂ ಬೋಳಿಸಲು ಸಾಧ್ಯವೇ ಎಂದು ಯೋಚಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. ಕಂಡದ್ದು ಮಾತ್ರ ಅವರಿಗೆ ಗೊತ್ತಿದ್ದದ್ದೇ. ಹತ್ತಿರ ಬಂದು, ಮಡಿ ಮರೆತು, ಎರಡೂ ಕೈಗಳಲ್ಲಿ ಸೊಸೆಯ ತಲೆ ಹಿಡಿದುಕೊಂಡರು. ಮೊಂಡು ಕೂದಲ ಮೇಲೆ ಬೆರಳಾಡಿಸಿದರು. ಅವರ ಧ್ವನಿ ಬೇರೆ ಯಾರದ್ದೋ ಆಗಿತ್ತು.

"ಯಾರೇ ನಿನ್ನನ್ನ ಕೂರಿಸಿದ್ದು? ನಾನು ಬದುಕಿರೋವಾಗ ನಿನ್ನ ತಲೆಗೆ ಕೈ ಹಾಕಿದೋರು ಯಾರು? ನನ್ನ ಕೇಳಬಾರದಾಗಿತ್ತಾ? ನಾನು ಬಿಡ್ತಿದ್ನಾ?"

ಅಂಬುಜಾಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದೊಡನೆ ಅತ್ತೆಯ ಕೈಗಳನ್ನು ಹಿಡಿದುಕೊಂಡಳು.

"ಅಮ್ಮಾ, ಅವರಿದಾರೆ! ಅವರು ಚೆನ್ನಾಗಿದಾರೆ! ಕೈಗೆ ಏಟಾಗಿದೆ ಅಷ್ಟೆ. ಜಡೆ ಮೆಷಿನ್ನಿಗೆ ಸಿಕ್ಕಿಕೊಂಡ್ತು ಅಮ್ಮಾ, ನಾನೇ ಕತ್ತರಿಸಿ ಅಂದೆ..."

ಅನಂತಲಕ್ಷ್ಮಮ್ಮ ಅವಳ ಬಾಯನ್ನೇ ನೋಡಿದರು. ಆಮೇಲೆ ಚೆಲ್ಲಿದ ಕಾಳಿನ ಮೇಲೇ ಕುಸಿದರು. ಅಂಬುಜಾ ಅವರನ್ನು ತಬ್ಬಿಕೊಂಡು ಕೂತಳು. ಅತ್ತೆಯ ಎದೆ ಹೊಡೆದುಕೊಳ್ಳುವುದು ಅವಳ ಭುಜಕ್ಕೆ ತಿಳಿಯುತ್ತಿತ್ತು.

ಕೈಗೆ ದಪ್ಪ ಬ್ಯಾಂಡೇಜು ಸುತ್ತಿಸಿಕೊಂಡು ಗಿರಿ ಬಂದಾಗಲೂ ಇಬ್ಬರೂ ಹಾಗೆಯೇ ಇದ್ದರು. ತಾಯಿ ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಕಾಲಿನಿಂದ ತಲೆಯವರೆಗೂ ಮುಟ್ಟಿ ನೋಡಿದರು. ಆಮೇಲೆ, ಯಾರೂ ಕೇಳದಿದ್ದರೂ, ಹೇಳತೊಡಗಿದರು.

"ನೀನಿನ್ನೂ ಅಂಬೆಗಾಲು ಇಡ್ತಿದ್ದೆ ಕಣೋ. ಬಾವಿ ಹಿಂದೆ ಕೂರಿಸಿದ್ರು. ನಮ್ಮತ್ತೆ ಭುಜ ಹಿಡ್ಕೊಂಡ್ರು, ಇನ್ಯಾರೋ ಕಾಲು. ಬೇಡಾ ಅಂತ ಎಷ್ಟು ಕೂಗಿದೆ. ಆಮೇಲೆ ನೀನು ನನ್ನ ಹತ್ರ ಬರಲೇ ಇಲ್ಲ, ಗುರುತೇ ಸಿಗಲಿಲ್ಲ ನಿಂಗೆ. ಹೆದರಿಕೊಂಡು ಅಳ್ತಿದ್ದೆ."

ಗಿರಿ ಬಾಗಿಲಿಗೆ ಒರಗಿ ನಿಂತ. ಅವನಿಗೆ ನೆನಪಿದ್ದ ಅಮ್ಮ ಮೊದಲಿನಿಂದಲೂ ಹೀಗೆಯೇ. ಆ ತಲೆಯಲ್ಲಿ ಎಂದಾದರೂ ಕೂದಲಿತ್ತೆಂದು, ಅದಕ್ಕಾಗಿ ಅವಳು ಕೂಗಿದ್ದಳೆಂದು ಅವನು ಯೋಚಿಸಿಯೇ ಇರಲಿಲ್ಲ. ಮೆಷಿನ್ನಿನ ಎದುರು ಆಗದ ಆಘಾತ ಈಗ ಆಯಿತು. ಒಳಗೆ ಹೋಗಿ ಎಡಗೈಯಲ್ಲೇ ಒಂದು ಲೋಟ ನೀರು ತಂದುಕೊಟ್ಟ. ಅವರು ಮಡಿಯ ಮಾತೆತ್ತದೆ ಕುಡಿದರು.

ಮರುದಿನ ಅಂಬುಜಾಳ ಕೂದಲನ್ನು ಅನಂತಲಕ್ಷ್ಮಮ್ಮನೇ ಬಿಸಿಲಿಗೆ ಕೂರಿಸಿಕೊಂಡು ಒಂದೇ ಸಮ ಮಾಡಿದರು. "ನೀವೂ ಇನ್ನು ಬೆಳೆಸಿ ಅಮ್ಮಾ" ಎಂದಳು ಅಂಬುಜಾ.

"ಈಗ್ಯಾಕೆ? ಸೆಕೆ ಕಣೇ" ಎಂದರು ಅವರು.

ಕರಿಬಸಪ್ಪ ಎರಡು ಸಲ ಬಂದು ತಪ್ಪೊಪ್ಪಿಕೊಂಡು ಹೋದರು. ಗಿರಿ ಮೆಷಿನ್ನಿನ ಮಾತನ್ನೇ ಬಿಟ್ಟ. ಶೆಡ್ಡಿಗೆ ಬೀಗ ಬಿತ್ತು. ಗಾಯ ಮಾಯಿತು, ಹೊಲಿಗೆ ಬಿಚ್ಚಿಸಿದ್ದಾಯಿತು. ಒಂದು ದಿನ ಅಂಬುಜಾ ತಾನೇ ಬೀಗ ತೆಗೆದು, "ಇವತ್ತು ಹೋಗಿ ತಗೊಂಡು ಬರೋಣ. ಮುಚ್ಚಳ ಇರೋದು, ಚಿಕ್ಕದು" ಎಂದಾಗ ಗಿರಿ ರೇಗಿದ.

"ನಿಂಗೇನು ಬುದ್ಧಿ ಇದ್ಯಾ?"

"ಅವಳು ಹೋಗ್ಲಿ ಬಿಡೋ" ಎಂದರು ಅನಂತಲಕ್ಷ್ಮಮ್ಮ. "ನಾನೂ ಬರ್ತೀನಿ."

ಎಸ್.ಜೆ.ಪಿ. ರಸ್ತೆಯ ಅಂಗಡಿಯವನು ಕೆಂಪು ಸೀರೆಯ ಅಜ್ಜಿಯನ್ನು ಕಂಡು ತಬ್ಬಿಬ್ಬಾಗಿ ಸ್ಟೂಲು ಹಾಕಿದ. ಅವರು ಕೂರಲಿಲ್ಲ. ಅಂಬುಜಾ ತಲೆಗೆ ಬಟ್ಟೆ ಬಿಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೇಜಿನ ಮೇಲಿನ ಮೆಷಿನ್ನಿಗೆ ಬೆಲ್ಟಿನ ಮುಚ್ಚಳವಿತ್ತು, ಸ್ವಿಚ್ ಕೈಗೆಟುಕುವಲ್ಲೇ ಇತ್ತು. ಅವಳು ಹಾಕಿದಳು, ಆರಿಸಿದಳು, ಮತ್ತೆ ಹಾಕಿದಳು. ಮೊದಲ ಸಲ ಸದ್ದು ಕೇಳಿದಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಗಿರಿ ಹಿಂದಿನಿಂದ ಭುಜ ಹಿಡಿದುಕೊಂಡ.

"ಆರಿಸಿದೆ ಅಮ್ಮಾ" ಎಂದಳು ಅಂಬುಜಾ.

"ತಡಿ, ಇನ್ನೂ ತಿರುಗ್ತಾ ಇದೆ" ಎಂದರು ಅನಂತಲಕ್ಷ್ಮಮ್ಮ. ಅದು ಪೂರ್ತಿ ನಿಲ್ಲುವವರೆಗೂ ಕಣ್ಣು ಕೀಳದೆ ನೋಡಿ, ಅಂಗಡಿಯವನ ಕಡೆ ತಿರುಗಿದರು. "ಇದನ್ನೇ ಕಟ್ಟಿಕೊಡಪ್ಪ."