ಗ್ರಹಣವಿಲ್ಲದ ದಿನ ನಿಂತ ಒನಕೆ

ಕುರುಬರಹಳ್ಳಿಯ ಆ ಮನೆಯ ಒನಕೆಗೆ ಭತ್ತ ಕುಟ್ಟುವ ಕೆಲಸ ತಪ್ಪಿ ಎಷ್ಟೋ ಕಾಲವಾಗಿತ್ತು. ಹೊಲಗಳು ಸೈಟುಗಳಾಗಿ, ಸೈಟುಗಳ ಮೇಲೆ ಮಹಡಿಗಳೆದ್ದ ಮೇಲೆ ಅದಕ್ಕೆ ಉಳಿದದ್ದು ಒಂದೇ ಕೆಲಸ. ಗ್ರಹಣದ ದಿನ ಹಿತ್ತಲಲ್ಲಿ, ನೀರು ತುಂಬಿದ ಹರಿವಾಣದ ನಡುವೆ, ಯಾರ ಆಸರೆಯೂ ಇಲ್ಲದೆ ನೆಟ್ಟಗೆ ನಿಲ್ಲುವುದು. ಗ್ರಹಣ ಹಿಡಿದಾಗ ಮಾತ್ರ ಒನಕೆ ನಿಲ್ಲುತ್ತದೆ, ಬಿಟ್ಟಾಗ ತಾನಾಗಿ ಬೀಳುತ್ತದೆ, ನಡುವೆ ಬಿದ್ದರೆ ಮನೆಗೆ ಕೇಡು ಎನ್ನುತ್ತಿದ್ದರು ಅತ್ತೆ ಅಕ್ಕಯ್ಯಮ್ಮ. ಹಿರಿಸೊಸೆ ಲಕ್ಷ್ಮಿದೇವಮ್ಮ ಅದನ್ನು ನಂಬಿದ್ದಳು.

ಆರು ವರ್ಷದ ಹಿಂದೆ, ಡಿಸೆಂಬರಿನ ಸೂರ್ಯಗ್ರಹಣದಂದು ಅತ್ತೆಯ ಕೈ ನಡುಗುತ್ತಿತ್ತೆಂದು ಒನಕೆ ನಿಲ್ಲಿಸುವುದು ಮೊದಲ ಸಲ ಅವಳ ಪಾಲಿಗೆ ಬಂತು. ಮೂರು ಸಲ ನಿಲ್ಲಿಸಿದಳು, ಮೂರು ಸಲವೂ ಬಿತ್ತು. ಹನ್ನೊಂದನೆಯ ದಿನ ಮಾವ ಗೂಳಪ್ಪ ಊಟಕ್ಕೆ ಕೂತವರು ಕೂತಲ್ಲೇ ಹೋಗಿಬಿಟ್ಟರು.

ಯಾರೂ ಅವಳನ್ನು ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಪ್ರತಿ ಹಬ್ಬದ ಹಿಂದಿನ ದಿನ ಅಕ್ಕಯ್ಯಮ್ಮ ಫೋನು ಮಾಡಿ ದೀಪಾಂಜಲಿ ನಗರದ ಕಿರಿಸೊಸೆಯನ್ನು ಕರೆಸತೊಡಗಿದರು. ಕಳಸ ಇಡುವುದು ಆಕೆ. ಲಕ್ಷ್ಮಿದೇವಮ್ಮನದು ಹೂರಣ ರುಬ್ಬುವುದು, ಪಾತ್ರೆ ತೊಳೆಯುವುದು. ಬರಬರುತ್ತಾ ಅವಳಿಗೇ ತನ್ನ ಕೈ ಮೇಲೆ ನಂಬಿಕೆ ಹೋಯಿತು.

ಈ ಸಲ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ, ಏಳನೇ ಕ್ಲಾಸಿನ ಮಗಳು ಬಿಂದುಶ್ರೀ ಅಮ್ಮನ ಫೋನು ಹಿಡಿದು ಕೂತಿದ್ದಳು. ಮಹಡಿ ಮೇಲೆ ಬಾಡಿಗೆಗಿದ್ದ ಮಾಲವಿಕಾ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವಳು. ಬೀದಿಯ ಮಕ್ಕಳಿಗೆಲ್ಲ ಆನ್‌ಲೈನ್ ಪಾಠಗಳ ಲಿಂಕು ಹುಡುಕಿ ಕಳಿಸುತ್ತಿದ್ದಳು. ಈ ವಾರದ್ದರಲ್ಲಿ ಒಂದು ಹಲಗೆ, ಅದರ ಮೇಲೊಂದು ಕಂಬ, ಕಂಬದ ನಡುವೆ ಕೆಂಪು ಚುಕ್ಕಿ, ಚುಕ್ಕಿಯಿಂದ ಕೆಳಕ್ಕೊಂದು ಗೆರೆ. ಬೆರಳಲ್ಲಿ ಹಲಗೆ ಓರೆ ಮಾಡಿದರೆ ಗೆರೆ ಸರಿಯುತ್ತದೆ. ಗೆರೆ ಬುಡದೊಳಗಿದ್ದಷ್ಟು ಹೊತ್ತು ಕಂಬ ನಿಲ್ಲುತ್ತದೆ, ಆಚೆ ಹೋದರೆ ಉರುಳುತ್ತದೆ. ಇದನ್ನೇ ಮನೆಯ ಸಾಮಾನಿನಲ್ಲಿ ಮಾಡಿ ವಿಡಿಯೋ ಕಳಿಸಬೇಕಂತೆ.

ವಿಡಿಯೋ ಹಿಡಿಯಲು ಒಪ್ಪಿದ ಲಕ್ಷ್ಮಿದೇವಮ್ಮ, ಮಗಳು ಹೊತ್ತು ತಂದ ಒನಕೆಯನ್ನು ಕಂಡು ಬೆಚ್ಚಿದಳು.

"ಅದನ್ನ ಮುಟ್ಬೇಡ ಕಣೇ. ಇಟ್ಬಿಡು."

"ಉದ್ದಕ್ಕಿರೋದು ಬೇಕಮ್ಮ. ನಿನ್ನನ್ನ ನಿಲ್ಲಿಸ್ಲಾ?"

ಹುಡುಗಿ ನಡುಮನೆಯಲ್ಲಿ ಒನಕೆ ನಿಲ್ಲಿಸಿ, ಅತ್ತಿತ್ತ ಅಲುಗಿಸಿ, ಮೆಲ್ಲಗೆ ಕೈ ಬಿಟ್ಟಳು. ಅದು ನಿಂತಿತು. ಆಕಾಶದಲ್ಲಿ ಯಾವ ಗ್ರಹಣವೂ ಇರಲಿಲ್ಲ. ಲಕ್ಷ್ಮಿದೇವಮ್ಮನಿಗೆ ಉಸಿರಾಡಲೂ ಭಯವಾಯಿತು.

ಇನ್ನೊಂದು ಜಾಗದಲ್ಲೂ ಮಾಡಬೇಕೆಂದು ಬಿಂದುಶ್ರೀ ಅದನ್ನು ಹಿತ್ತಲಿಗೆ ಒಯ್ದಳು. ಅಲ್ಲಿ ಅದು ಬಿತ್ತು. ಮತ್ತೆ ನಿಲ್ಲಿಸಿದಳು, ಮತ್ತೆ ಬಿತ್ತು. ಆ ಗ್ರಹಣದ ದಿನದ್ದೇ ಸದ್ದು. ಮಗಳು ಒಂದು ಚೊಂಬು ನೀರು ತಂದು ಟೈಲ್ಸ್ ಮೇಲೆ ಸುರಿದಳು. ನೀರು ಸೀದಾ ಮೋರಿಯತ್ತ ಓಡಿತು.

"ನೆಲ ಇಳಿಜಾರಿದೆ ಕಣಮ್ಮ. ಒನಕೆ ಉದ್ದ, ಬುಡ ಚಿಕ್ಕದು. ಇಲ್ಲಿ ಯಾರು ನಿಲ್ಸಿದ್ರೂ ಬೀಳತ್ತೆ."

ಯಾರು ನಿಲ್ಲಿಸಿದರೂ. ಲಕ್ಷ್ಮಿದೇವಮ್ಮ ಒಗೆಯುವ ಕಲ್ಲಿನ ಮೇಲೆ ಕೂತಳು. ಹಳೆಯ ಚಪ್ಪಡಿ ಕಿತ್ತು ಈ ಟೈಲ್ಸ್ ಹಾಕಿಸಿದ್ದು ಆ ವರ್ಷದ ದೀಪಾವಳಿಯ ಮೇಲೆ, ಗ್ರಹಣಕ್ಕೆ ತಿಂಗಳು ಮುಂಚೆ.

ಹಿತ್ತಲ ಬಾಗಿಲಲ್ಲಿ ಅಕ್ಕಯ್ಯಮ್ಮ ನಿಂತಿದ್ದರು. ಕಿರಿಸೊಸೆಗೆ ಮಾಡಬೇಕಿದ್ದ ಫೋನು ಕೈಯಲ್ಲೇ ಇತ್ತು. ಆ ಚುಕ್ಕಿಯ ಆಟ ತನಗೂ ತೋರಿಸೆಂದು ಮೊಮ್ಮಗಳನ್ನು ಕೇಳಿದರು. ಮೆಟ್ಟಿಲ ಮೇಲೆ ಕೂತು, ಬೆರಳಲ್ಲಿ ಹಲಗೆ ಓರೆ ಮಾಡಿದರು. ಕಂಬ ಬಿತ್ತು. ಇನ್ನೊಮ್ಮೆ ಮಾಡಿದರು. ಬಿತ್ತು.

"ನೀರು ನಿಲ್ಲುತ್ತೆ, ಮೋರಿ ಕಡೆ ವಾಟ ಕೊಡಪ್ಪ ಅಂತ ಮೇಸ್ತ್ರಿಗೆ ಹೇಳಿದೋಳು ನಾನೇ," ಅಂದರು. ಫೋನು ಮೆಟ್ಟಿಲ ಮೇಲಿಟ್ಟು, "ಹಂಗಾದ್ರೆ ಅವರು ಹೋಗಿದ್ದು ನನ್ನಿಂದ್ಲಾ, ಲಕ್ಷ್ಮಿದೇವಿ?"

ಆರು ವರ್ಷ ಎದೆಯ ಮೇಲಿದ್ದ ಭಾರ. ಹೌದು ಅಂದಿದ್ದರೆ ಅದು ಅಲ್ಲಿಂದೆದ್ದು ಮೆಟ್ಟಿಲ ಮೇಲೆ ಕೂತ ಮುದುಕಿಯ ಎದೆಗೆ ಹೋಗುತ್ತಿತ್ತು. ಲಕ್ಷ್ಮಿದೇವಮ್ಮ ನೆಲದ ಮೇಲಿದ್ದ ಒನಕೆಯನ್ನು ನೋಡಿದಳು.

"ಯಾರಿಂದ್ಲೂ ಅಲ್ಲ ಅತ್ತೆ. ಇದು ಬರೀ ಒನಕೆ."

ಅಕ್ಕಯ್ಯಮ್ಮ ಆ ಸಂಜೆ ದೀಪಾಂಜಲಿ ನಗರಕ್ಕೆ ಫೋನು ಮಾಡಲಿಲ್ಲ. ಬೆಳಗ್ಗೆ ಬೆಳ್ಳಿ ಚೊಂಬನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ತಾವೇ ತಂದು ಹಿರಿಸೊಸೆಯ ಕೈಗಿಟ್ಟು, ಗೋಡೆಗೊರಗಿ ಕೂತರು. ಲಕ್ಷ್ಮಿದೇವಮ್ಮ ದೇವರ ಮುಂದಿನ ಮಣೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದಳು. ಅದು ಎತ್ತಲೂ ಹರಿಯಲಿಲ್ಲ. ಆಮೇಲೆ ಕಳಸ ಇಟ್ಟಳು.